ಕೈಕಾಲುಗಳ ಜ್ಞಾನ

ಬುದ್ಧಿಯ ಕೆಲಸವು ಮೇಲು, ಕೈಕಾಲುಗಳ ಕೆಲಸವು ಕೀಳು ಎಂಬ ಮಾತು ನಮ್ಮ ದೇಶದಲ್ಲಿ ಬಹು ಕಾಲದಿಂದ ನಡೆದುಬಂದಿದೆ. ಲೆಕ್ಕ ಬರೆಯುವವನು ಜಗಲಿಯ ಮೇಲೆ ಕೂತುಕೊಳ್ಳುವನು. ಮೂಟೆ ಹೊರುವವನು ಅಂಗಳದಲ್ಲಿ ನಿಲ್ಲುವನು. ಈ ಭೇದವು ನ್ಯಾಯವಾದದ್ದೋ ಎಂದು ನಾವು ವಿಚಾರಿಸತಕ್ಕದ್ದು. ಇದಕ್ಕೆ ಈ ಕಾಲದ ಒಂದು ವಿದ್ಯೆಯು ಒಳ್ಳೇ ಸಾಕ್ಷಿಯನ್ನು ಕೊಡುತ್ತದೆ.

1834ರಲ್ಲಿ ನಮ್ಮ ಕರಾವಳಿಗೆ ಬಾಸೆಲ್ ಮಿಶನಿನ ಬೋಧಕರನ್ನು ಕಳುಹಿಸಿದ ಸ್ವಿಟ್ಜರ್ಲೆಂಡ್ ದೇಶದಲ್ಲಿ ಜ್ಯೂರಿಕ್ ಎಂಬ ಪಟ್ಟಣವುಂಟು. ಅಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದ ಪಂಡಿತರು ಆನಿಮಲ್ ಎಂಬ ನಾಲ್ಕು ಕಾಲಿನ ಯಂತ್ರವನ್ನು ನಿರ್ಮಿಸಿದರು. ಅದರ ಬೆನ್ನಿನ ಮೇಲೆ ಒಂದು ತೋಳನ್ನು ಕೂಡಿಸಿ, ಬಾಗಿಲು ತೆರೆಯುವದನ್ನೂ ವಸ್ತುಗಳನ್ನು ಹಿಡಿಯುವದನ್ನೂ ಕಲಿಸಿದರು. ಕಲಿಸುವ ಒಂದು ಕ್ರಮವು ಹೀಗಿದೆ: ಗಣಕಯಂತ್ರದೊಳಗೆ ಅದರ ಸಾವಿರಾರು ಛಾಯಾರೂಪಗಳನ್ನು ಏಕಕಾಲದಲ್ಲಿ ನಡೆಯಿಸುತ್ತಾರೆ. ಅವು ಬೀಳುತ್ತವೆ, ತಿರಿಗಿ ಏಳುತ್ತವೆ. ಒಳ್ಳೇ ಹೆಜ್ಜೆಗೆ ಅಂಕ ದೊರೆಯುತ್ತದೆ. ತಪ್ಪು ಹೆಜ್ಜೆಗೆ ಅಂಕ ಕಳೆಯುತ್ತದೆ. ಹೀಗೆ ಕಲಿತದ್ದನ್ನು ಬಳಿಕ ಲೋಹದ ದೇಹಕ್ಕೆ ತುಂಬುತ್ತಾರೆ.

ಬಾಗಿಲು ತೆರೆಯುವದು ಸುಲಭವೆಂದು ತೋರುತ್ತದಲ್ಲವೇ? ಆದರೆ ಕೈಯು ಬಾಗಿಲನ್ನು ದಬ್ಬುವಾಗ ಬಾಗಿಲೂ ಕೈಯನ್ನು ಹಿಂದಕ್ಕೆ ದಬ್ಬುತ್ತದೆ. ಕಾಲುಗಳು ಆ ಬಲವನ್ನು ನೆಲಕ್ಕೆ ಇಳಿಸದಿದ್ದರೆ ಯಂತ್ರವು ಉರುಳಿಬೀಳುವದು. ಆದದರಿಂದ ಕೈಯ ಕೆಲಸವು ಕೈಯೊಂದರ ಕೆಲಸವಲ್ಲ. ಬೆನ್ನೂ ಮೊಣಕಾಲೂ ಪಾದವೂ ಅದರಲ್ಲಿ ಪಾಲುಳ್ಳವುಗಳಾಗಿವೆ. ದೇಹದ ಅಂಗಗಳನ್ನು ಕುರಿತು ಪೌಲನು ಕೊರಿಂಥದ ಸಭೆಗೆ ಬೋಧಿಸಿದ್ದು ಇಲ್ಲಿ ನೆನಪಿಗೆ ಬರುತ್ತದೆ.

1997ರಲ್ಲಿಯೇ ಗಣಕಯಂತ್ರವು ಚದುರಂಗದ ಜಗಜ್ಜೇತನಾದ ಕಾಸ್ಪರೋವನನ್ನು ಸೋಲಿಸಿತು. ಆದಾಗ್ಯೂ ನಮ್ಮ ಹಳ್ಳಿಯ ತಾಯಿಯು ತಲೆಯ ಮೇಲೆ ಕೊಡವನ್ನೂ ಸೊಂಟದಲ್ಲಿ ಕೂಸನ್ನೂ ಹೊತ್ತು, ಕೆಸರಿನ ಬದುವಿನ ಮೇಲೆ ಜಾರದೆ ನಡೆದು, ಕೈಯಿಂದ ತಡಿಕೆಯನ್ನು ಸರಿಸುವಷ್ಟು ಸರಾಗವಾಗಿ ನಡಕೊಳ್ಳುವ ಯಂತ್ರವು ಇನ್ನೂ ಹುಟ್ಟಲಿಲ್ಲ. ಪಂಡಿತರ ಆಟವು ಯಂತ್ರಕ್ಕೆ ಬೇಗನೆ ವಶವಾಯಿತು. ಕೂಲಿಯವರ ನಡಿಗೆಯೋ ಪಂಡಿತರನ್ನೇ ಶಿಷ್ಯರನ್ನಾಗಿ ಮಾಡಿತು. ಹಾಗಾದರೆ ಲೋಕವು ಕೀಳೆಂದು ತಳ್ಳಿದ ಕೆಲಸದಲ್ಲಿ ಸೃಷ್ಟಿಕರ್ತನು ಎಷ್ಟು ಜ್ಞಾನವನ್ನು ಅಡಗಿಸಿಟ್ಟಿದ್ದಾನೆ!

ಒಂದು ದಿನ ಯಂತ್ರವು ಇದನ್ನೆಲ್ಲಾ ಕಲಿತರೆ ಕೂಲಿಯವನ ಬೆಲೆ ಹೋಯಿತಲ್ಲವೇ ಎಂದು ಕೆಲವರು ಕೇಳಬಹುದು. ಇದು ಅಲ್ಪವಾದ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ. 2021ರಲ್ಲಿ ಅಮೆರಿಕದ ಕೆಂಟಕಿ ಸೀಮೆಯಲ್ಲಿ ನೆಲದಡಿಯ ಗುಹೆಗಳನ್ನು ಶೋಧಿಸುವ ಸ್ಪರ್ಧೆ ನಡೆದಾಗ, ಆನಿಮಲ್ ಯಂತ್ರಗಳುಳ್ಳ ತಂಡವು ಗೆದ್ದಿತು. ಮನುಷ್ಯನ ಪ್ರಾಣಕ್ಕೆ ಅಪಾಯವುಳ್ಳ ಇಂಥ ಸ್ಥಳಗಳಿಗೆ ಯಂತ್ರವು ಹೋಗುವದಾದರೆ ನಾವು ದೇವರನ್ನು ಸ್ತುತಿಸೋಣ. ಆದರೆ ಯಂತ್ರದಿಂದ ಕೂಲಿಯನ್ನು ಉಳಿಸಿಕೊಂಡ ಯಜಮಾನನು, ತನ್ನ ಐಶ್ವರ್ಯಕ್ಕೆ ಬೆನ್ನು ಕೊಟ್ಟವನನ್ನು ಹಸಿವೆಗೆ ಬಿಟ್ಟರೆ, ಆ ಪಾಪವು ಯಂತ್ರದ ಮೇಲಲ್ಲ, ಯಜಮಾನನ ಮೇಲೆಯೇ ನಿಲ್ಲುವದು.

ಮನುಷ್ಯನ ಬೆಲೆಯು ಅವನು ಹೊರುವ ತೂಕದಿಂದ ಬಂದದ್ದಲ್ಲ. ಯಂತ್ರವು ಹೊರೆಯನ್ನು ಹೊರುತ್ತದೆ. ಯಾರಿಗೋಸ್ಕರ ಹೊರುತ್ತೇನೆಂದು ಅದು ಅರಿಯದು. ಕುರೇನ್ಯದ ಸೀಮೋನನು ಬಲಾತ್ಕಾರದಿಂದ ಶಿಲುಬೆಯನ್ನು ಹೊತ್ತರೂ, ಹೊರುವವರೆಲ್ಲರ ಕರ್ತನ ಹಿಂದೆ ನಡೆದನು. ಆ ಕರ್ತನು ತಾನೇ ನಜರೇತಿನಲ್ಲಿ ಬಡಗಿಯಾಗಿದ್ದನು.

ಆದಕಾರಣ, ಸಹೋದರರೇ, ಸಹೋದರಿಯರೇ, ದುಡಿಯುವ ಕೈಗೆ ನಾಚಬೇಡಿರಿ. ಓದಿದ ಮಕ್ಕಳು ತಂದೆಯ ಬಿರುಕುಬಿಟ್ಟ ಪಾದಗಳನ್ನು ಹೀನೈಸದಿರಲಿ. ಮೂಟೆ ಹೊತ್ತು ಬಂದವನನ್ನು ಅಂಗಳದಲ್ಲಿ ನಿಲ್ಲಿಸದೆ ಜಗಲಿಗೆ ಕರೆದು ಕೂಡ್ರಿಸೋಣ.