ಆತ್ಮರಕ್ಷಣೆಯ ವಾಸನೆ

ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ದಾವಣಗೆರೆ-ಹರಿಹರ ಸೀಮೆಯ ಭದ್ರಾ ನಾಲೆಯ ಭತ್ತದ ಗದ್ದೆಗೆ ಇಳಿದವರಿಗೆ ಗಂಧಿ ತಿಗಣೆಯ ಪರಿಚಯವಿದ್ದೇ ಇರುತ್ತದೆ. ಮುಟ್ಟಿದರೆ ಸಾಕು, ಕೆಟ್ಟ ವಾಸನೆ ಸೂಸುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಜರೀಗಿಡ ತಿಂದು ಬದುಕುವ ಕಡ್ಡಿಕೀಟವೊಂದು ಹೀಗೆಯೇ ಕ್ವಿನೊಲಿನ್ ಎಂಬ ಘಾಟು ದ್ರವವನ್ನು ಚಿಮ್ಮಿಸಿ ಪ್ರಾಣ ಉಳಿಸಿಕೊಳ್ಳುತ್ತದೆ. ಇದು ಪಾಪವಲ್ಲ, ಸೃಷ್ಟಿಕರ್ತನೇ ಇತ್ತ ರಕ್ಷಣೆ. ಅಪಾಯ ಕಳೆದ ಮೇಲೆ ಕೀಟ ಮತ್ತೆ ತನ್ನ ಆಹಾರಕ್ಕೆ ಮರಳುತ್ತದೆ.

ನಮಗೂ ಆತ್ಮರಕ್ಷಣೆಯ ಹಕ್ಕಿದೆ. ಆದರೆ ಅಣ್ಣತಮ್ಮಂದಿರ ಬದುವಿನ ಜಗಳ, ಅತ್ತೆ-ಸೊಸೆಯರ ಒಂದು ಬಿರುನುಡಿ ವರ್ಷಗಳು ಉರುಳಿದರೂ ಮನೆಯಲ್ಲಿ ನಾರುತ್ತಿರುವುದೇಕೆ? ಅಪಾಯ ಎಂದೋ ಕಳೆದಿದೆ. ನಾವೀಗ ಕಾಯುತ್ತಿರುವುದು ಪ್ರಾಣವನ್ನಲ್ಲ, ಹಗೆಯನ್ನು.

ಪ್ರಧಾನ ಯಾಜಕನ ಮುಂದೆ ಕಪಾಳಕ್ಕೆ ಏಟು ಬಿದ್ದಾಗ ಯೇಸುಸ್ವಾಮಿ ಸುಮ್ಮನಿರಲಿಲ್ಲ. ಹೊಡೆದುದೇಕೆಂದು ನೇರವಾಗಿ ಕೇಳಿದರು. ಆ ಪ್ರಶ್ನೆಯಲ್ಲಿ ಸತ್ಯವಿತ್ತು, ವಿಷವಿರಲಿಲ್ಲ. ಸಂತ ಪೌಲರು ವಿಶ್ವಾಸಿಗಳನ್ನು ಕ್ರಿಸ್ತರ ಪರಿಮಳವೆಂದೇ ಕರೆದರು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಹೂವು, ಮೇಣದಬತ್ತಿ ಹಿಡಿದು ಹೋಗುವ ಮುನ್ನ, ಮಾತು ಬಿಟ್ಟಿರುವ ಆ ಒಬ್ಬರ ಮನೆಯ ಬಾಗಿಲನ್ನು ಒಮ್ಮೆ ತಟ್ಟೋಣವೇ?