ಬಾಲಕೃಷ್ಣನ ಬೆಣ್ಣೆಯೂ ನಮ್ಮ ಮಕ್ಕಳ ತಿಂಡಿಯೂ

(ಶ್ರೀರಾಮನವಮಿ ಉತ್ಸವದ ಪ್ರವಚನಸಾರ)



ಚನ್ನಪಟ್ಟಣದ ಸಮೀಪದ ದೊಡ್ಡಮಳೂರಿನಲ್ಲಿ ಶ್ರೀ ಅಪ್ರಮೇಯಸ್ವಾಮಿಯ ಸನ್ನಿಧಿಗೆ ಹೋದವರೆಲ್ಲರೂ ಅಲ್ಲಿನ ಅಂಬೆಗಾಲು ನವನೀತಕೃಷ್ಣನನ್ನು ಕಣ್ತುಂಬ ಕಂಡಿರುತ್ತಾರೆ. ಶ್ರೀಪುರಂದರದಾಸರು ಈ ಮೂರ್ತಿಯನ್ನು ಕಂಡು ಹಾಡಿದರೆಂಬುದು ಪರಂಪರೆಯಿಂದ ಬಂದ ಐತಿಹ್ಯ. ಜಗತ್ತಿಗೆಲ್ಲ ಅನ್ನವಿಕ್ಕುವ ಸ್ವಾಮಿಯೇ ಕೈಯಲ್ಲಿ ಬೆಣ್ಣೆಯ ಮುದ್ದೆ ಹಿಡಿದು ಮಗುವಾಗಿ ನಮ್ಮೆದುರು ಬಂದಿದ್ದಾನೆ. ಆದುದರಿಂದ ಮಕ್ಕಳು ತಿಂಡಿಗೆ ಆಸೆಪಡುವುದು ದೋಷವಲ್ಲ. ಆ ಪುಟ್ಟ ಕೈಯಲ್ಲಿ ನಾವು ಏನನ್ನು ಇಡುತ್ತೇವೆ ಎಂಬುದೇ ಪ್ರಶ್ನೆ.

ಅದೇ ಸೀಮೆಯ ಅಬ್ಬೂರು ಶ್ರೀಬ್ರಹ್ಮಣ್ಯತೀರ್ಥರ ಬೃಂದಾವನವಿರುವ ಪುಣ್ಯಕ್ಷೇತ್ರ. ಹಸುಳೆಯಾಗಿದ್ದ ಶ್ರೀವ್ಯಾಸರಾಜರನ್ನು ಅವರು ಅಲ್ಲಿ ದೇವರ ಅಭಿಷೇಕದ ಕ್ಷೀರದಿಂದ ಪೋಷಿಸಿದರೆಂದು ಸಂಪ್ರದಾಯವು ಹೇಳುತ್ತದೆ. ದೇವರಿಗೆ ಅರ್ಪಿತವಾದುದು ಮಗುವಿಗೆ ಆಹಾರವಾಯಿತು. ಆ ಮಗು ಜಗದ್ಗುರುವಾಯಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿವೇದಿಸಬೇಕು. ಹಿಂದೊಮ್ಮೆ ಬಾಲಕರ ಸ್ತೋತ್ರಪಾಠಕ್ಕೆ ಮಕ್ಕಳು ತಪ್ಪದೆ ಬರಲೆಂದು, ಪಾಠ ಮುಗಿದೊಡನೆ ಅಂಗಡಿಯ ಚಿಪ್ಸ್ ಪೊಟ್ಟಣಗಳನ್ನು ಹಂಚುತ್ತಿದ್ದೆ. ಮಕ್ಕಳ ಸಂಖ್ಯೆ ಬೆಳೆಯಿತು, ನಾನೂ ಹಿಗ್ಗಿದೆ. ಒಂದು ಸಂಜೆ ಏಳೆಂಟು ವರ್ಷದ ಹುಡುಗಿಯೊಬ್ಬಳು ಪೊಟ್ಟಣವನ್ನು ಹಿಡಿದು, “ಆಚಾರ್ರೇ, ಇದನ್ನೂ ದೇವರಿಗೆ ನೈವೇದ್ಯ ಮಾಡಿದ್ದೀರಾ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ದೇವರ ಮುಂದಿಡಲು ಯೋಗ್ಯವಲ್ಲವೆಂದು ತಿಳಿದಿದ್ದುದನ್ನೇ ದೇವರ ಮಕ್ಕಳಿಗೆ ಕೊಟ್ಟಿದ್ದೆ!

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಆಹಾರವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಆಯುಸ್ಸು, ಬಲ, ಆರೋಗ್ಯ, ಪ್ರೀತಿಗಳನ್ನು ಬೆಳೆಸುವುದು ಸಾತ್ತ್ವಿಕ. ಉಪ್ಪು, ಹುಳಿ, ಖಾರಗಳು ಮಿತಿಮೀರಿ ರೋಗ ದುಃಖಗಳನ್ನು ತರುವುದು ರಾಜಸ. ಹೊತ್ತು ಮೀರಿ, ರಸವಳಿದು, ಹಳಸಿದುದು ತಾಮಸ. ಉಪ್ಪು ಖಾರಗಳೇ ಕೆಟ್ಟವೆಂದು ಸ್ವಾಮಿಯು ಹೇಳಲಿಲ್ಲ, ‘ಅತಿ’ಯನ್ನು ನಿಷೇಧಿಸಿದನು. ಎಂದೋ ಎಲ್ಲಿಯೋ ಕರಿದು, ಉಪ್ಪನ್ನು ಹೇರಿ, ಒಂದನ್ನು ತಿಂದರೆ ಮತ್ತೊಂದು ಬೇಕೆನಿಸುವಂತೆ ಹದಗೊಳಿಸಿದ ತಿನಿಸು ಯಾವ ಗುಂಪಿಗೆ ಸೇರುವುದೆಂದು ನೀವೇ ವಿಚಾರಮಾಡಿರಿ. ದೊಡ್ಡವರಿಗೂ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ.

ಹಾಗಾದರೆ ಏನು ಕೊಡಬೇಕು? ಉತ್ತರವು ಇಂದಿನ ನೈವೇದ್ಯದ ತಟ್ಟೆಯಲ್ಲಿಯೇ ಇದೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ, ನಿಂಬೆಯ ರಸ — ಇಷ್ಟೇ ಕೋಸಂಬರಿ. ಒಲೆಯೂ ಬೇಡ, ಎಣ್ಣೆಯೂ ಬೇಡ. ಜೊತೆಗೆ ಶುಂಠಿ ಕರಿಬೇವು ಹಾಕಿದ ನೀರುಮಜ್ಜಿಗೆ. ಇವು ರಾಮನವಮಿಯೊಂದು ದಿನಕ್ಕೆ ಮಾತ್ರವೇ ಏಕೆ ಮೀಸಲಾಗಬೇಕು? ಕಾರ್ತಿಕದಲ್ಲಿ ದ್ವಿದಳವ್ರತವನ್ನು ಆಚರಿಸುವ ಮನೆಗಳಲ್ಲಿ ಬೇಳೆಯ ಬದಲು ಹಣ್ಣು, ಅವಲಕ್ಕಿಗಳಿವೆ.

ನಮ್ಮದು ರಾಗಿಯ ನಾಡು. ಮಾಗಡಿ, ಕನಕಪುರಗಳ ಹೊಲದ ರಾಗಿಯನ್ನು ನೀರು ಚಿಮುಕಿಸಿಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದರೆ ಹುರಿಹಿಟ್ಟು ಸಿದ್ಧ. ಕಾಸಿದ ಹಾಲು, ಕಾಯಿತುರಿ, ತುಸು ಬೆಲ್ಲ ಬೆರೆಸಿ ಕಲಸಿದರೆ ಶಾಲೆಯಿಂದ ಬಂದ ಮಗುವಿಗೆ ಕ್ಷಣದಲ್ಲಿ ಉಂಡೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಬಿಳಿಯ ಅಕ್ಕಿಯಲ್ಲಿ ಅದು ಅತ್ಯಲ್ಪ. 2024ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡಲು ತೊಡಗಿದುದನ್ನು ಬಲ್ಲಿರಿ. ಚಳಿಗಾಲದಲ್ಲಿ ಮಾಗಡಿಯ ಅವರೆಕಾಯಿ ಬಂದಾಗ ಬೇಯಿಸಿದ ಕಾಳು, ಬೇಸಿಗೆಯಲ್ಲಿ ರಾಮನಗರ ಚನ್ನಪಟ್ಟಣಗಳ ತೋಟದ ಮಾವು — ಋತುವಿಗೆ ತಕ್ಕ ತಿಂಡಿಯನ್ನು ಭೂಮಿತಾಯಿಯೇ ಒದಗಿಸುತ್ತಾಳೆ.

ಆದರೆ ಒಂದು ಎಚ್ಚರಿಕೆ. ಮನೆಯದೆಂಬ ಮಾತ್ರಕ್ಕೆ ಎಲ್ಲವೂ ಹಿತವಲ್ಲ. ಗೋಕುಲಾಷ್ಟಮಿಯ ಚಕ್ಕುಲಿ, ಕೋಡುಬಳೆಗಳು ಹಬ್ಬಕ್ಕೆ ಭೂಷಣ, ನಿತ್ಯಕ್ಕೆ ಭಾರ. ಬೆಲ್ಲವೂ ಸಕ್ಕರೆಯ ಬಳಗವೇ. ಸಕ್ಕರೆ ಕಾಯಿಲೆಯವರು ಪಾನಕವನ್ನು ತೀರ್ಥದಂತೆ ಒಂದು ಗುಟುಕು ಸ್ವೀಕರಿಸಿದರೆ ಭಕ್ತಿಗೆ ಕೊರತೆಯಿಲ್ಲ.

ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾದ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಅದರ ಬಾಗಿಲಿನಿಂದ 50 ಮೀಟರುಗಳೊಳಗೂ ಮಾರಕೂಡದೆಂದು 2020ರಲ್ಲಿ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರವು ನಿಯಮ ಮಾಡಿತು. ಕಾನೂನಿನ ಕೈ ಅಲ್ಲಿಯವರೆಗೆ. ನಮ್ಮ ಅಡಿಗೆಮನೆಯ ಬಡುವಿನೊಳಗಿನ ಡಬ್ಬಿಯನ್ನು ನೋಡಬೇಕಾದವರು ನಾವೇ. ದುಡಿದು ದಣಿದು ಬಂದ ತಾಯಿಯೊಬ್ಬಳ ಮೇಲೆಯೇ ಈ ಭಾರವನ್ನು ಹೊರಿಸದೆ, ತಂದೆಯೂ ಅಜ್ಜ ಅಜ್ಜಿಯರೂ ಸೌತೆಕಾಯಿ ಹೆಚ್ಚಲು ಕೈಜೋಡಿಸಲಿ. ಮಕ್ಕಳಿಂದಲೇ ಕಲಸಿಸಿರಿ, ತಾನೇ ಮಾಡಿದುದನ್ನು ಮಗು ದೂಡುವುದಿಲ್ಲ.

ಕುಚೇಲನು ಹರಿದ ಬಟ್ಟೆಯಲ್ಲಿ ಕಟ್ಟಿ ತಂದ ಹಿಡಿ ಅವಲಕ್ಕಿಯನ್ನು ದ್ವಾರಕೆಯ ಒಡೆಯನು ತಾನಾಗಿ ಕಸಿದು ತಿಂದನು. ಬಡವನ ಮನೆಯ ತಿಂಡಿಯು ಪರಮಾತ್ಮನಿಗೆ ರುಚಿಸಿತು. ನಮ್ಮ ಮಕ್ಕಳಿಗೆ ಅದನ್ನು ಕೊಡಲು ನಮಗೆ ಸಂಕೋಚವೇಕೆ? ನಾಳೆಯಿಂದ ಮಗುವಿನ ಕೈಗೆ ತಿಂಡಿ ಕೊಡುವ ಮುನ್ನ ಆ ಹುಡುಗಿಯ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ: ಇದನ್ನು ದೇವರ ಮುಂದಿಡಬಹುದೇ? ನಮ್ಮ ಪಾಠಶಾಲೆಯಲ್ಲಿ ಈಗ ಹುರಿಹಿಟ್ಟಿನ ಉಂಡೆಯನ್ನು ಮೊದಲು ಬಾಲಕೃಷ್ಣನಿಗೆ ಅರ್ಪಿಸಿ ಮಕ್ಕಳಿಗೆ ಹಂಚುತ್ತಿದ್ದೇವೆ. ಮೊದಲ ವಾರ ಕೆಲವರು ಮುಖ ಸಿಂಡರಿಸಿದರು. ಈಗ ಎರಡನೆಯ ಉಂಡೆಗೆ ಕೈಯೊಡ್ಡುತ್ತಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥