ಹೊಳಿ ಜಾತಿ ನೋಡತೈತೇನು?

ಮಹಾಪೂರ ಬಂದಾಗೆಲ್ಲ ಊರಿನ ದೊಡ್ಡವರು ಒಂದು ಮಾತು ಹೇಳ್ತಾರೆ: "ಹೊಳಿ ಏನ್ ಜಾತಿ ನೋಡಿ ಬರತೈತೇನಪಾ? ಎಲ್ಲಾರ ಮನಿಯಾಗೂ ನೀರ ಹೊಕ್ಕೈತಿ." ಮಾತು ಅರ್ಧ ನಿಜ. ಹೊಳೆ ಜಾತಿ ನೋಡುವುದಿಲ್ಲ. ಆದರೆ ಯಾರು ದಿಬ್ಬದ ಮೇಲೆ, ಯಾರು ತಗ್ಗಿನಲ್ಲಿ ಎಂದು ಗೆರೆ ಎಳೆದವರು, ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ, ಜಾತಿ ನೋಡಿಯೇ ಎಳೆದರು.

ಅಕ್ಕೋಳ-ಸಿದ್ನಾಳ ಸೇತುವೆ ಮಳೆಗಾಲದಲ್ಲಿ ಮುಳುಗುವುದು ನಮಗೆ ಹೊಸದಲ್ಲ. ಆದರೆ 2019ರಲ್ಲಿ, ಮತ್ತೆ 2021ರಲ್ಲಿ, ಯಮಗರ್ಣಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯೇ ನೀರಲ್ಲಿ ನಿಂತಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಕಾದ ಅರಬ್ಬೀ ಸಮುದ್ರದ ಆ ನೀರು ಸಹ್ಯಾದ್ರಿಗೆ ಬಡಿದು ದೂಧಗಂಗಾ, ವೇದಗಂಗಾ, ಕೃಷ್ಣೆಯಾಗಿ ಇಳಿಯುತ್ತದೆ. ನಮ್ಮ ನಾಡಿಗೆ ಸುಮಾರು 320 ಕಿಲೋಮೀಟರು ಕರಾವಳಿ. ಉಳ್ಳಾಲದ ದಂಡೆಗೆ ಬಡಿಯುವ ಕಡಲೇ ಮೋಡವಾಗಿ ಘಟ್ಟ ಹತ್ತಿ ನಮ್ಮ ಕೇರಿಯ ಬಾಗಿಲನ್ನೂ ತಟ್ಟುತ್ತದೆ.

ಈ ಬಿಸಿ ಯಾರು ಮಾಡಿದ್ದು? ಈ ನೀರು ಯಾರ ಪಾಲಿಗೆ? ಇನ್ನೂರು ವರ್ಷ ಕಲ್ಲಿದ್ದಲು, ಎಣ್ಣೆ ಸುಟ್ಟು ಶ್ರೀಮಂತ ದೇಶಗಳು ಬೆಳೆದವು. ಅವರಿಂದ ನಮ್ಮ ಸರ್ಕಾರ ನ್ಯಾಯ ಕೇಳುವುದು ಸರಿಯೇ. ಅದೇ ನ್ಯಾಯವನ್ನು ನಾವು ನಮ್ಮ ಊರಲ್ಲಿ ಕೇಳಬಾರದೇ?

ನಷ್ಟ ಎಂದರೆ ಏನು? ಬೆಳೆ ಪರಿಹಾರ ಉತಾರದಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ಕೀಳುವವಳ, ಕಬ್ಬು ಕಡಿಯುವವನ ಕೂಲಿ ಹೋದದ್ದು ಆ ಕಾಗದದಲ್ಲಿಲ್ಲ. ಬೀಡಿ ಕಟ್ಟುವ ತಾಯಿಯ ಎಲೆ ನೆನೆದು ಹೋದರೆ ಅದೂ ಇಲ್ಲ. ಹೊಲವಿಲ್ಲದವನಿಗೆ ನಷ್ಟವೂ ಇಲ್ಲ ಎನ್ನುವ ಲೆಕ್ಕ ಇದು! ಕರಾವಳಿಯಲ್ಲೂ ಅಷ್ಟೇ: ದೋಣಿ ಇದ್ದವನ ನಷ್ಟ ಕಾಣುತ್ತದೆ, ಅವನ ದೋಣಿಯಲ್ಲಿ ಬಲೆ ಎಳೆಯುವವನ ಹಸಿವು ಕಾಣುವುದಿಲ್ಲ.

ನಮ್ಮ ತಪ್ಪೂ ಇದೆ. ನೀರು ಏರಿದಾಗ ಗಂಜಿ ಕೇಂದ್ರದಲ್ಲಿ ಪಾಳಿ ಹಚ್ಚುತ್ತೇವೆ. ನೀರು ಇಳಿದ ಮೇಲೆ ಗ್ರಾಮಸಭೆಗೆ ಹೋಗುವುದಿಲ್ಲ. ಕೊಟ್ಟದ್ದನ್ನು ದಾನವೆಂದು ಕೈಚಾಚಿದರೆ ಅದು ಹಕ್ಕು ಆಗುವುದು ಯಾವಾಗ?

1925ರಲ್ಲಿ ಬಾಬಾಸಾಹೇಬರು ಇದೇ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದರು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದರು. ಅಂದು ನೀರನ್ನು ನಮ್ಮಿಂದ ದೂರ ಇಟ್ಟಿದ್ದರು. ಇಂದು ಅದು ಕರೆಯದೇ ಮನೆಯೊಳಗೆ ಬರುತ್ತದೆ. ಅಂದೂ ಇಂದೂ ನೀರಿನ ಮಾತು ತೀರ್ಮಾನಿಸುವ ಜಾಗದಲ್ಲಿ ನಾವಿಲ್ಲ.

ಗೆಳೆಯರೇ, ಕೇಳೋಣ. ದಿಬ್ಬದ ಮೇಲೆ ನಿವೇಶನ, ಅದಕ್ಕೆ ಹಕ್ಕುಪತ್ರ. ಮುಳುಗಿದ ಕೂಲಿ ದಿನಗಳಿಗೂ ಲೆಕ್ಕ. ಪರಿಹಾರದ ಪಟ್ಟಿಯನ್ನು ಕೇರಿಯಲ್ಲೇ ನಿಂತು ಓದಬೇಕು. ಮುಂದಿನ ಮಳೆಗಾಲದೊಳಗೆ ಮಾಸ್ತರರು, ಹುಡುಗರು ಕೂಡಿ ಮನೆ ಮನೆಯ ಲೆಕ್ಕ ಬರೆಯಲಿ. ಹೊಳೆ ಜಾತಿ ನೋಡುವುದಿಲ್ಲ, ಒಪ್ಪಿದೆವು. ಪರಿಹಾರವೂ ನೋಡದಿರಲಿ.